ಬಕೆಟ್ ಯಾವ ಪುಟದಲ್ಲಿದೆ

“ಅಕ್ಕ, ನಾನು ಬಕೆಟ್ ಎತ್ತಿದ್ದು ಇದರಲ್ಲಿ ಯಾವ ಪುಟದಲ್ಲಿದೆ?” ಎಂದು ಕೇಳುತ್ತಲೇ ತಂಗಿ ಇನ್ನೂ ನಾಲ್ಕು ಹಾಳೆ ಮಗುಚಿದಳು. ಹೆರಿಗೆಯಲ್ಲಿ ಕೂಸಿನ ಹಿಂದೆ ಬೀಳುವ ಮಾಸು, ಅದರ ರೋಗಗಳ ಮೇಲಿನ ಆ ದಪ್ಪ ಪುಸ್ತಕ ಲ್ಯಾಬಿನ ಅರ್ಧ ಮೇಜನ್ನು ನುಂಗಿತ್ತು. ಅವಳು ಕೂತಲ್ಲಿ ಕೂರಲಾರದೆ ಎದ್ದಳು, ಮತ್ತೆ ಕೂತಳು. ಹೊಟ್ಟೆಯಲ್ಲೇ ತೀರಿಕೊಂಡ ಅವಳ ಕೂಸಿನ ಮಾಸನ್ನು ಪರೀಕ್ಷೆ ಮಾಡಿದ್ದು ಅಕ್ಕನೇ.

“ಬಕೆಟ್ಟು ಇದರಲ್ಲಿ ಇಲ್ಲ ಕಣೇ.”

“ಮೆಟ್ಟಿಲು? ಅತ್ತೆ ಮೆಟ್ಟಿಲು ಹತ್ತಿದ್ದಕ್ಕೇ ಅಂತಾರೆ. ನಮ್ಮವರು ಬಾಯಿಬಿಟ್ಟು ಏನೂ ಹೇಳಲ್ಲ, ಬಕೆಟ್ ಕಂಡ್ರೆ ಮುಖ ತಿರುಗಿಸ್ತಾರೆ ಅಷ್ಟೆ. ಇಷ್ಟು ದೊಡ್ಡ ಪುಸ್ತಕದಲ್ಲಿ ನನ್ನ ತಪ್ಪಿಗೆ ಒಂದು ಸಾಲೂ ಇಲ್ವಾ?”

ಅಕ್ಕ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಬೇರೊಂದು ಪುಟ ತೆರೆದಳು. ವಿದ್ಯಾರ್ಥಿಗಳಿಗೆ ಎಷ್ಟೋ ಸಲ ತೋರಿಸಿದ ಚಿತ್ರವೇ ಆದರೂ ಅದರ ಮೇಲೆ ಅಂಗೈ ಒತ್ತಿ ಹಿಡಿದಳು. ತಂಗಿ ಆ ಬೆರಳುಗಳನ್ನು ಒಂದೊಂದಾಗಿ ಎತ್ತಿದಳು. ಹೊಕ್ಕುಳಬಳ್ಳಿಯ ನಡುವೆ ಒಂದು ಬಿಗಿಯಾದ ಗಂಟು.

“ನಿನ್ನ ಮಗೂದೂ ಹೀಗೇ ಇತ್ತು.”

“ಯಾರು ಹಾಕಿದ್ದು ಈ ಗಂಟು?”

“ಅದೇ ಹಾಕ್ಕೊಂಡಿದ್ದು. ಚಿಕ್ಕದಿದ್ದಾಗ ಒಳಗೆ ಬೇಕಾದಷ್ಟು ಜಾಗ ಇರುತ್ತೆ. ಲಾಗ ಹಾಕ್ತಾ ಹಾಕ್ತಾ ಬಳ್ಳಿಯ ಕುಣಿಕೆಯೊಳಗೇ ನುಸುಳಿಬಿಟ್ಟಿದೆ. ಬೆಳೆದ ಮೇಲೆ ಗಂಟು ಬಿಗಿದು ರಕ್ತ ಹರಿಯೋದು ನಿಂತಿದೆ.”

ತಂಗಿಯ ಕೈ ಮೊದಲ ಸಲ ಸುಮ್ಮನಾಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಎಲ್ಲರೂ ಬಕೆಟ್ಟಿನ ಮಾತಾಡಿದ್ದರು, ಮೆಟ್ಟಿಲಿನ ಮಾತಾಡಿದ್ದರು; ಕೂಸಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅವಳು ಚಿತ್ರದ ಗಂಟನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

“ಅಷ್ಟು ತುಂಟಿಯಾಗಿದ್ಲಾ?”