ಕರಡಿಯ ಹೆಸರು

"ನಮ್ಮ ಮುತ್ತಜ್ಜ ನೊಗಕ್ಕೆ ಕರಡಿ ಕಟ್ಟಿ ಉಳ್ತಿದ್ದ. ಅದಕ್ಕೇ ನಮ್ಮದು ಬೇರೆನ್‌ಕಾಂಪ್, ಕರಡಿಹೊಲದ ಮನೆತನ. ಅದನ್ನ ಬಿಟ್ಟು ನಿಮ್ಮ ಹೊಲಮನೆಯ ಹೆಬ್ಬಾತಿನ ಹೆಸರು ಇಟ್ಕೊಳ್ಳೋದಾ, ಅತ್ತೆ?" ಎಂದ ಲುಡ್ಗರ್. ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹೊಲದೊಡತಿಯನ್ನು ಮದುವೆಯಾದವನು ಆ ಹೊಲಮನೆಯ ಹೆಸರನ್ನೇ ಹೊರಬೇಕು. ಒಲ್ಲೆನೆಂದರೆ ಅವನು ಕೇಳಲು ಬಂದ ಹೊಲದೊಡತಿ ಗೆರ್ಟ್ರೂಡ್ ಸಿಗುವುದಿಲ್ಲ.

ಮೂರೂರಿನ ಸುಳ್ಳನ್ನು ಮೂಸಿಯೇ ಹಿಡಿಯಬಲ್ಲ ಅವಳ ತಾಯಿ ವಾಲ್ಬುರ್ಗಾ, ಅವನು ಉಡುಗೊರೆಯಾಗಿ ತಂದಿದ್ದ ತನ್ನ ಅಜ್ಜಿಯ ಮದುವೆಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಮುಚ್ಚಳದ ಒಂದು ಮೂಲೆಯಲ್ಲಿ ಮಾತ್ರ ಮೇಣ ದಪ್ಪಗೆ ಮೆತ್ತಿತ್ತು. ಉಗುರಿನಿಂದ ಕೆರೆದಳು. ಕೆತ್ತಿದ ಅಕ್ಷರಗಳು ಕಂಡವು: 'ಎಲ್ಸ್‌ಬೆತ್ ಬೇರೆನ್‌ಕಾಂಪ್, ಗಂಡ ಯೋಹಾನ್ ಹಾಸೆನ್‌ಬೈನ್.'

"ಹಾಸೆನ್‌ಬೈನ್ ಅಂದ್ರೆ ಮೊಲದ ಕಾಲು ಅಲ್ವೇನಪ್ಪಾ?"

ಲುಡ್ಗರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಹೌದತ್ತೆ. ನಮ್ಮಜ್ಜನೂ ಮನೆಯಳಿಯನೇ. ಕರಡಿ ಅಜ್ಜಿ ಕಡೇದು. ಮೇಣ ಮೆತ್ತಿದ್ದು ನಾನು."