ಅರ್ಧ ಗುಳಿಗೆಯ ಅಳು

ಡಾಕ್ಟರನ್ನು ಕೇಳದೆಯೇ ಗುಳಿಗೆಯ ಪ್ರಮಾಣ ಬದಲಿಸುವ ಅಧಿಕಾರ ಔಷಧಿ ಅಂಗಡಿಯವರಿಗೆ ಬಂದು ವರ್ಷಗಳೇ ಆಗಿದ್ದವು. ಕಟ್ಟಳೆ ಒಂದೇ: ಗುಳಿಗೆ ಕಡಿಮೆ ಮಾಡಿದರೆ, ಅದು ತಡೆದಿಟ್ಟಿದ್ದ ನೋವಿನ ಅರ್ಧ ಪಾಲು ಅವತ್ತೊಂದು ದಿನ ಕಡಿಮೆ ಮಾಡಿದವರ ಮೈಗೆ.

ಗದಗಿನ ಅಂಗಡಿಯಲ್ಲಿ ಕೂತ ನೀಲಗಂಗಾಳಿಗೆ ಮಧ್ಯಾಹ್ನದೊಳಗೇ ಯಾರದೋ ಮೊಣಕಾಲು ನೋವು, ಇನ್ಯಾರದೋ ಎದೆಯುರಿ ಅಂಟಿಕೊಂಡಿದ್ದವು. ಇನ್ನು ಯಾರೂ ಬರದಿದ್ದರೆ ಸಾಕು ಅಂದುಕೊಳ್ಳುವಾಗಲೇ ಗುರುತಿಲ್ಲದ ಹೆಂಗಸೊಬ್ಬಳು ಚೀಟಿ ಮುಂದಿಟ್ಟಳು. ದುಃಖ ತಡೆಯುವ ಗುಳಿಗೆ.

“ಸ್ವಲ್ಪ ಕಮ್ಮಿ ಮಾಡ್ರಿ ಅಕ್ಕಾರ. ನಮ್ಮನಿಯವ್ರು ತೀರಿಕೊಂಡು ತಿಂಗಳಾತು. ಅವ್ರ ಸಲುವಾಗಿ ಒಂದ್ ಹನಿ ಕಣ್ಣೀರು ಬರವಲ್ದು.”

‘ನಾಳೆ ಬರ್ರಿ, ಇವತ್ತ ಮೈ ಹಣ್ಣಾಗೇತಿ’ ಎನ್ನಲು ಬಾಯಿ ತೆರೆದ ನೀಲಗಂಗಾ, ಆ ಒಣಗಿದ ಕಣ್ಣುಗಳನ್ನು ನೋಡಿ ಗುಳಿಗೆಯನ್ನು ಅರ್ಧಕ್ಕೆ ಮುರಿದಳು. ಹೆಂಗಸು ಅಲ್ಲೇ ನುಂಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಟಳು.

ಸಂಜೆ ರೊಟ್ಟಿ ಬಡಿಯುತ್ತಿದ್ದ ನೀಲಗಂಗಾಳಿಗೆ ಅಳು ಒತ್ತರಿಸಿ ಬಂತು. ಅವಳು ದಿನವೂ ಹೊತ್ತು ತರುವ ನೋವುಗಳಿಗೆ ಒಗ್ಗಿಹೋಗಿದ್ದ ಗಂಡ, ಇದಕ್ಕೆ ಮಾತ್ರ ಗಾಬರಿಯಾದ.

“ಯಾರ್ ತೀರಿಕೊಂಡ್ರು?”

“ನನ್ನ ಗಂಡ ರೀ,” ಎಂದಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ. “ಹೆಸರ ಕೇಳೂದ ಮರತೆ.”