ಮೇಲಿನ ಹೋಟೆಲಿನವರು

“ಅರಮನೆಯವರು ಬಂದ್ರು, ದಾರಿ ಬಿಡ್ರಪ್ಪಾ!” ಎಂದು ಬೇಕರಿ ಅಕ್ಕ ಕೂಗಿದ್ದೇ ತಡ, ಮಧ್ಯಾಹ್ನದ ಊಟದ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನಗೆ ಎದ್ದಿತು. ಬಂದವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಮತ್ತು ಬ್ಯೂಟಿ ಪಾರ್ಲರ್ ನಡೆಸುವ ಅವರ ಹೆಂಡತಿ. ಜೋಡಿ ನೃತ್ಯ ಕಲಿಯುವ ಈ ತಂಡ ವಾರಾಂತ್ಯ ಕಳೆಯಲು ಕೆರೆಯ ದಂಡೆಯ ಈ ಜಾಗಕ್ಕೆ ಬಂದಾಗಲೆಲ್ಲ ಇಳಿದುಕೊಳ್ಳುವುದು ಕೆಳಗಿನ ಹಾಸ್ಟೆಲ್ಲಿನಲ್ಲಿ. ಹೆಂಗಸರಿಗೊಂದು ಕೋಣೆ, ಗಂಡಸರಿಗೊಂದು, ಒಂದರ ಮೇಲೊಂದು ಕಬ್ಬಿಣದ ಮಂಚ, ಕಾರಿಡಾರಿನ ಕೊನೆಯಲ್ಲಿ ಎಲ್ಲರಿಗೂ ಸೇರಿ ಬಾತ್‌ರೂಮು. ದಿಬ್ಬದ ಮೇಲಿನ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆ, ಬಾಲ್ಕನಿಗಳೆಲ್ಲ ಬೇರೆಯವರಿಗೆ. ಅವನ್ನು ಆಡಿಕೊಂಡು ನಗುವ ಸುಖ ಮಾತ್ರ ಇವರದು. ಈ ಸಲ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಹೋಗಿ ಆ ದಿಬ್ಬದ ಮೇಲೆಯೇ ಇಳಿದಿದ್ದರು.

“ಬಾತ್‌ಟಬ್ ಇದೆಯಂತೆ, ಹೌದಾ? ಈಜು ಬರುತ್ತೇನಮ್ಮಾ ನಿನಗೆ?” ಎಂದು ಅಕ್ಕ ಮೇಷ್ಟ್ರ ಹೆಂಡತಿಯನ್ನು ಕೆಣಕಿದಳು.

“ವಯಸ್ಸಾಯ್ತಲ್ಲ ಅಕ್ಕಾ, ಆ ಮೇಲಿನ ಮಂಚ ಹತ್ತೋಕಾಗಲ್ಲ ನನಗೆ,” ಎಂದು ಮೇಷ್ಟ್ರೇ ಅಡ್ಡ ಬಂದರು.

“ಕೆಳಗಿನ ಮಂಚ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಿದ್ರೇನ್ರೀ?”

ಮೇಷ್ಟ್ರು ಕೈಯಲ್ಲಿದ್ದ ಲೋಟ ಕೆಳಗಿಟ್ಟು, “ಈಗ ಬಂದೆ,” ಎಂದು ಹೊರಟರು. ನಡಿಗೆಯಲ್ಲಿ ಅವಸರ ಕಾಣದಂತೆ ಅವರು ಪಡುತ್ತಿದ್ದ ಪಾಡು ಹೆಂಡತಿಗೊಬ್ಬಳಿಗೇ ಗೊತ್ತು. ಹೋಟೆಲಿನ ಕೋಣೆ ಕಾದಿರಿಸಿದ ದಿನ ಅವರು ಮುಖ ಆಚೆ ತಿರುಗಿಸಿ ಹೇಳಿದ್ದರು: “ದುಡ್ಡಿನ ಮದ ಅಂದ್ಕೊಂಡ್ರೂ ಅಂದ್ಕೊಳ್ಳಲಿ. ಇದೊಂದು ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡ.”

ಗಂಡ ಬಾಗಿಲು ದಾಟಿದ ಮೇಲೆ ಅಕ್ಕನ ದನಿ ಇಳಿಯಿತು, ನಗೆಯೂ ಹೋಯಿತು. “ನಿಜ ಹೇಳು. ಪಾರ್ಲರು ದೊಡ್ಡದಾಯ್ತು ಅಂತ ನಮ್ಮ ಪಕ್ಕ ಮಲಗೋಕೆ ನಿನಗೆ ನಾಚಿಕೆಯಾಯ್ತಾ?”

ದೀಪ ಆರಿಸಿದ ಮೇಲೆ ಆ ಕಬ್ಬಿಣದ ಮಂಚಗಳ ಮೇಲೆ ನಡೆಯುವ ಹರಟೆಗಾಗಿಯೇ ಅವಳು ಈ ಪ್ರವಾಸಗಳಿಗೆ ಬರುತ್ತಿದ್ದಳು, ನೃತ್ಯ ಆಮೇಲಿನದು. “ಅಯ್ಯೋ, ನನಗೇನು ಶೋಕಿಯಾ ಅಕ್ಕಾ! ಆಪರೇಷನ್ ಆದಾಗಿಂದ ಇವರಿಗೆ ತಡ್ಕೊಳ್ಳೋಕಾಗಲ್ಲ. ಹಾಸಿಗೆ ಪಕ್ಕದಲ್ಲೇ ಬಾತ್‌ರೂಮ್ ಇರಬೇಕು. ಒಂದೊಂದು ಸಲ ಅಷ್ಟು ಹತ್ರ ಇದ್ರೂ...” ಮುಂದಿನ ಮಾತನ್ನು ನುಂಗಿಕೊಂಡಳು. ನುಂಗಬೇಕಾಗಿದ್ದುದು ಹಿಂದಿನದನ್ನು.

ಮೇಜಿನ ಸುತ್ತ ಕೂತವರೆಲ್ಲ ಇತ್ತ ತಿರುಗಿದರು. ಅಕ್ಕ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, “ಪಾಪ ಕಣೇ, ನಾನು ಏನೇನೋ ಅಂದ್ಬಿಟ್ಟೆ,” ಎಂದಳು. ಮೇಷ್ಟ್ರ ಹೆಂಡತಿಗೆ ಆ ಗಳಿಗೆ ಎದೆ ಹಗುರಾಯಿತು. ಮರ್ಯಾದೆ ಉಳಿಯಿತು, ಗೆಳತಿಯರೂ ಉಳಿದರು. ಗಂಡನನ್ನು ಬಿಟ್ಟುಕೊಟ್ಟು ಕೊಂಡ ಸಮಾಧಾನ ಅದು ಎಂದು ತಿಳಿಯಲು ಅವರು ವಾಪಸು ಬಂದು ಕೂರುವಷ್ಟು ಹೊತ್ತೇ ಸಾಕಾಯಿತು. ಯಾರೋ ಅವರ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಸರಿಸಿಟ್ಟಿದ್ದರು. “ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಮೇಷ್ಟ್ರೇ.” ಮೇಷ್ಟ್ರು ಸುತ್ತ ನೋಡಿದರು. “ಏನಕ್ಕಾ, ಯಾರೂ ರೇಗಿಸ್ತಾನೇ ಇಲ್ಲ, ಅರಮನೆ ಇಷ್ಟು ಬೇಗ ಬಿದ್ದೋಯ್ತಾ?” ಎಂದರು. ಆ ಮಾತಿಗೆ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ನಕ್ಕರು.

ಊಟವಾದ ಮೇಲೆ ಹಾಲ್‌ನಲ್ಲಿ ವೃತ್ತದ ಕುಣಿತ. ಗಂಡಸರು ಒಳಗೆ, ಹೆಂಗಸರು ಹೊರಗೆ. ಹಾಡು ನಿಂತಾಗಲೆಲ್ಲ ಹೆಂಗಸರು ಒಂದೊಂದು ಹೆಜ್ಜೆ ಸರಿದು ಮುಂದಿನವನ ಕೈ ಹಿಡಿಯಬೇಕು. ಮೇಷ್ಟ್ರ ಜೊತೆಗಿನ ಸರದಿಗಾಗಿ ಹೆಂಗಸರೆಲ್ಲ ಯಾವಾಗಲೂ ಕಾಯುತ್ತಿದ್ದರು. ಸ್ಟಿಯರಿಂಗ್ ಹಿಡಿದು ನಡುಗುವವರನ್ನು ಪಳಗಿಸಿದ ಕೈ ಅದು. ಬೆನ್ನ ಮೇಲೆ ಬೆರಳ ತುದಿ ತಾಗಿದರೆ ಎಂಥ ದಢೂತಿ ಹೆಂಗಸೂ ಬುಗುರಿಯಂತೆ ತಿರುಗಿ ಬರುತ್ತಿದ್ದಳು. “ಇಂಡಿಕೇಟರ್ ಹಾಕದೇ ತಿರುಗಿಸ್ತೀರಲ್ರೀ!” ಎಂಬ ಕಿರುಚಾಟ ಪ್ರತಿ ಸಲ ಏಳುತ್ತಿತ್ತು. ಇಂದು ಮೊದಲನೆಯವಳು ತಿರುಗಲೇ ಇಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಸುವವಳಂತೆ ಅವರ ತೋಳು ಹಿಡಿದು ನಡೆದಳು. ಎರಡನೆಯವಳೂ ಹಾಗೆಯೇ. ಕುಣಿದರೆ ಪಕ್ಕದ ಜೋಡಿಗಳನ್ನೂ ಉರುಳಿಸುವ ಬೇಕರಿ ಅಕ್ಕ ಕೂಡ, ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವ ಹಾಗೆ ಅವರನ್ನು ಹಿಡಿದುಕೊಂಡು, “ನಿಧಾನ ಮೇಷ್ಟ್ರೇ, ನಮಗೇನು ಅವಸರ,” ಎನ್ನುತ್ತಿದ್ದಳು.

ಹೆಂಡತಿಯ ಸರದಿ ಬಂತು. ಮೇಷ್ಟ್ರ ಅಂಗೈ ಬೆವರಿತ್ತು.

“ಯಾರೂ ತಿರುಗ್ತಾ ಇಲ್ಲ ಕಣೇ,” ಎಂದರು ಅವರು ಮೆಲ್ಲಗೆ. “ನನ್ನ ಕೈ ಹೇಳೋದು ಅವರಿಗೆ ಗೊತ್ತಾಗ್ತಿಲ್ಲ. ಇದೂ ಹೋಯ್ತಾ ನನ್ನಿಂದ?”

ನಿಜ ಹೇಳಲು ಆ ಹಾಡು ಮುಗಿಯುವವರೆಗೆ ಅವಕಾಶವಿತ್ತು. ಅವಳು ಅವರ ಅಂಗಿಯ ಗುಂಡಿ ನೋಡುತ್ತಾ, “ನಿಮ್ಮ ಕೈಗೇನಾಗಿದೆ ರೀ, ನೆಲ ಜಾರ್ತಾ ಇದೆ,” ಎಂದಳು. “ಹೊಸದಾಗಿ ಪಾಲಿಶ್ ಹಾಕಿದ್ದಾರೆ. ಬಿದ್ದುಬಿಡ್ತೀವಿ ಅಂತ ಎಲ್ಲರಿಗೂ ಭಯ.”

ಮೇಷ್ಟ್ರು ನೆಲ ನೋಡಿದರು. ಬಿಗಿದಿದ್ದ ಮುಖ ಸಡಿಲವಾಯಿತು. “ಹಂಗಾ! ನಾನು ಏನೋ ಅಂದ್ಕೊಂಡೆ.”

ಹಾಡು ನಿಂತಿತು. ಅವಳು ಪಕ್ಕಕ್ಕೆ ಸರಿದಳು. ಅಲ್ಲಿಂದ ಮುಂದೆ ಮೇಷ್ಟ್ರು ಬಂದವರಿಗೆಲ್ಲ, “ಹುಷಾರಮ್ಮಾ, ನೆಲ ಜಾರುತ್ತೆ, ನನ್ನನ್ನ ಗಟ್ಟಿಯಾಗಿ ಹಿಡ್ಕೋ,” ಎನ್ನುತ್ತಾ, ಒಬ್ಬೊಬ್ಬರನ್ನೂ ಜೋಪಾನವಾಗಿ ಕುಣಿಸಿದರು. ಒಬ್ಬೊಬ್ಬರೂ ಚೂರೂ ಜಾರದ ಆ ನೆಲವನ್ನೊಮ್ಮೆ ನೋಡಿ, ಆಮೇಲೆ ಮೇಷ್ಟ್ರ ಹೆಗಲ ಮೇಲಿಂದ ಅವರ ಹೆಂಡತಿಯ ಕಡೆ ನೋಡಿದರು.